ರಿಯಾಯಿತಿ ಯಾರ ಬಿಲ್ಲಿನಲ್ಲಿ?

ದೀಪಾವಳಿ ಅಂದ್ರೆ ಮೊದಲಿಗೆ ನೀರು ತುಂಬುವ ಹಬ್ಬ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಥಳಥಳ ತಿಕ್ಕಿ, ಬಚ್ಚಲ ಒಲೆ ಮೇಲಿಟ್ಟು, ನೀರು ತುಂಬಿ ಪೂಜೆ ಮಾಡ್ತಿದ್ದರು. ಮರುದಿನ ನಸುಕಿಗೇ ಎಣ್ಣೆಸ್ನಾನ. ಬೆಂಗಳೂರಿನಲ್ಲಿ ಇವತ್ತು ಆ ಹಂಡೆ ಎಲ್ಲಿದೆ? ಹಾಲ್‌ನ ಮೂಲೆಯಲ್ಲಿ ಮನಿಪ್ಲಾಂಟ್ ಹೊತ್ತುಕೊಂಡು ಕೂತಿದೆ. ಅದರ ಕೆಲಸವನ್ನು ಈಗ ತಾರಸಿ ಮೇಲಿನ ಸೋಲಾರ್ ಡ್ರಮ್ಮು ಮಾಡ್ತಿದೆ.

ಹಂಡೆಗೂ ಸೋಲಾರಿಗೂ ನಡುವೆ ಇನ್ನೊಬ್ಬ ಬಂದು ಹೋದ. ಹೋದ ಅಂತ ಹೇಳೋಕ್ಕಾಗಲ್ಲ, ಇನ್ನೂ ಲಕ್ಷಾಂತರ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡಿದ್ದಾನೆ. ಅವನ ಹೆಸರು ಗೀಸರ್.

ಲೆಕ್ಕ ಸರಳ. ಒಂದು ಗೀಸರ್ ಸುಮಾರು 2 ಕಿಲೋವಾಟ್ ಎಳೆಯುತ್ತೆ. ಬೆಳಿಗ್ಗೆ ಒಂದೇ ಹೊತ್ತಿಗೆ ಒಂದು ಲಕ್ಷ ಮನೆಯವರು ಸ್ವಿಚ್ ಒತ್ತಿದರೆ 200 ಮೆಗಾವಾಟ್. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಏಳು ಘಟಕಗಳಲ್ಲಿ ಒಂದೊಂದರ ಸಾಮರ್ಥ್ಯ 210 ಮೆಗಾವಾಟ್. ಅಂದ್ರೆ ಶಕ್ತಿನಗರದಲ್ಲಿ ಒಂದಿಡೀ ಘಟಕ ಕಲ್ಲಿದ್ದಲು ಸುಟ್ಟು ಬೂದಿ ಹಾರಿಸಿದರೆ ಒಂದು ಲಕ್ಷ ಬಕೆಟ್ ನೀರು ಬಿಸಿಯಾಗುತ್ತೆ. ರಾಯಚೂರಿನವರು ಬೂದಿ ಕುಡೀಬೇಕು, ನಾವು ಬಿಸಿನೀರು ಹುಯ್ಕೋಬೇಕು.

ಈ ಲೆಕ್ಕವನ್ನು ನಮಗೆ ಬಹಳ ಹಿಂದೆಯೇ ಹೇಳಿಕೊಟ್ಟವರು ಪ್ರೊಫೆಸರ್ ಅಮೂಲ್ಯ ರೆಡ್ಡಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದವರು. 1990ರ ದಶಕದ ಆರಂಭದಲ್ಲಿ ಅವರೂ ಅವರ ಸಂಗಡಿಗರೂ ಕರ್ನಾಟಕಕ್ಕೆ ಒಂದು ಪರ್ಯಾಯ ವಿದ್ಯುತ್ ಯೋಜನೆ ಮುಂದಿಟ್ಟರು. ಸ್ಥಾವರ ಕಟ್ಟುವ ಮುಂಚೆ, ಜನಕ್ಕೆ ನಿಜವಾಗಿ ಬೇಕಿರೋದು ಏನು ಅಂತ ಕೇಳಿ ಅಂದರು. ಸ್ನಾನಕ್ಕೆ ಬೇಕಿರೋದು ಬಿಸಿನೀರು, ಕರೆಂಟಲ್ಲ. ಅದನ್ನು ಬಿಸಿಲಿನಿಂದಲೇ ಕಾಯಿಸಿ, ಪಂಪ್‌ಸೆಟ್ ಸುಧಾರಿಸಿ, ಬಲ್ಬು ಬದಲಿಸಿ ಅಂದರು. ಅಣು ಸ್ಥಾವರದ ಕನಸಿನಲ್ಲಿದ್ದವರಿಗೆ ತಾರಸಿ ಮೇಲಿನ ಡ್ರಮ್ಮು ರುಚಿಸಲಿಲ್ಲ.

ಹೊರಗೆ ಏನಾಗ್ತಿತ್ತು? ಪೆಟ್ರೋಲ್ ಬಿಕ್ಕಟ್ಟಿನಿಂದ ಪಾಠ ಕಲಿತ ಇಸ್ರೇಲ್ 1980ರಲ್ಲೇ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತ್ತು. ಆದ್ರೆ ನನಗೆ ಹೆಚ್ಚು ಇಷ್ಟವಾಗೋದು ಬಾರ್ಸಿಲೋನಾ. ಯಾಕಂದ್ರೆ ಅಲ್ಲಿ ಕಾನೂನು ತಂದಿದ್ದು ದೇಶ ಅಲ್ಲ, ನಗರಸಭೆ. 1999ರಲ್ಲಿ ಒಪ್ಪಿ, 2000ದಲ್ಲಿ ಜಾರಿ ಮಾಡಿದರು. ಹೊಸ ಕಟ್ಟಡ ಇರಲಿ, ದೊಡ್ಡ ರಿಪೇರಿಗೆ ಕೈ ಹಾಕಿದ ಹಳೇ ಕಟ್ಟಡ ಇರಲಿ, ಬಿಸಿನೀರಿನ ಶೇ. 60ರಷ್ಟು ಬಿಸಿಲಿನಿಂದಲೇ ಬರಬೇಕು. ಆರೇ ವರ್ಷದಲ್ಲಿ, 2006ರಲ್ಲಿ, ಸ್ಪೇನ್ ದೇಶವೇ ಇಂಥ ನಿಯಮ ತಂದಿತು.

ಅದೇ 2006ರಲ್ಲಿ ಅಮೂಲ್ಯ ರೆಡ್ಡಿ ತೀರಿಕೊಂಡರು. ಮರುವರ್ಷ ಕರ್ನಾಟಕ ಸರ್ಕಾರ ನಗರಗಳ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಅಂತ ಆದೇಶ ಹೊರಡಿಸಿತು. ಹೇಳಿದವರು ಹೋದ ಮೇಲೆ ಮಾತು ಕೇಳೋದು ನಮ್ಮ ಹಳೇ ಚಾಳಿ. ಇರಲಿ, ಕೇಳಿದರಲ್ಲ. ಹೀಟರ್ ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯೂ ಇತ್ತು. ವಿಮಾನದಿಂದ ನೋಡಿದರೆ ಬೆಂಗಳೂರಿನ ತಾರಸಿಗಳ ಮೇಲೆ ಸಾಲುಸಾಲು ಡ್ರಮ್ಮು ಕಾಣೋದು ಇದರಿಂದ. ಒಂದು 100 ಲೀಟರ್ ಹೀಟರ್ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸುತ್ತೆ. ನಮ್ಮ ಕೆಲಸಗಳನ್ನೂ ಹೊಗಳೋಣ, ಇದು ದೊಡ್ಡದೇ.

ಆದ್ರೆ ಈ ಇತಿಹಾಸದಲ್ಲಿ ಒಂದು ತಪ್ಪು ಇದೆ. ಬಾಡಿಗೆ ಮನೆಯಲ್ಲಿ ಇದ್ದವರಿಗೆ ತಟ್ಟನೆ ಗೊತ್ತಾಗುತ್ತೆ.

ಆದೇಶ ಹೊಸ ಮನೆಗೆ. ಹಳೇ ಮನೆಗೆ ಇದ್ದದ್ದು ಆ 50 ರೂಪಾಯಿ ಆಸೆ ಮಾತ್ರ. ಈಗ ನೋಡಿ: ಹೀಟರ್ ಹಾಕಿಸಬೇಕಾದವನು ಓನರ್. ಕರೆಂಟ್ ಬಿಲ್ ಕಟ್ಟೋನು ಬಾಡಿಗೆದಾರ. ದುಡ್ಡು ಹಾಕೋನಿಗೆ ಲಾಭ ಇಲ್ಲ, ಲಾಭ ಬೇಕಾದವನಿಗೆ ತಾರಸಿ ಇಲ್ಲ! ರಿಯಾಯಿತಿಯನ್ನು ನಾವು ತಪ್ಪು ಬಿಲ್ಲಿನ ಮೇಲೆ ಬರೆದೆವು ಸ್ವಾಮಿ. ಸ್ವಂತ ಮನೆಯವರ ಲೆಕ್ಕವನ್ನೇ ತಗೊಳ್ಳಿ. ತಿಂಗಳಿಗೆ 50 ಅಂದ್ರೆ ವರ್ಷಕ್ಕೆ 600. ಈ ರಿಯಾಯಿತಿಯಿಂದಲೇ 20 ಸಾವಿರ ಹುಟ್ಟಬೇಕು ಅಂದ್ರೆ 33 ವರ್ಷ ಕಾಯಬೇಕು.

2023ರಲ್ಲಿ ಗೃಹಜ್ಯೋತಿ ಬಂತು. ಬಡವರ ಮನೆಯ ಬಿಲ್ಲು ಇಳಿದದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಬಿಲ್ಲೇ ಸೊನ್ನೆ ಆದ ಮೇಲೆ 50 ರೂಪಾಯಿಯನ್ನು ಯಾವುದರಿಂದ ಕಳೀತೀರಿ? ಗೀಸರ್ ಉಚಿತವಾಗಿ ಓಡ್ತಿರುವಾಗ ಸೋಲಾರಿಗೆ ದುಡ್ಡು ಹಾಕೋ ಓನರ್ ಎಲ್ಲಿ ಸಿಗ್ತಾನೆ?

ದಾರಿ ಪಕ್ಕದ ರಾಜ್ಯದಲ್ಲೇ ಇದೆ. ಪುಣೆ ಮಹಾನಗರ ಪಾಲಿಕೆ ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ ಇಂಥವುಗಳಲ್ಲಿ ಒಂದನ್ನು ಮಾಡಿದ ಮನೆಗೆ ಆಸ್ತಿ ತೆರಿಗೆಯಲ್ಲಿ ಶೇ. 5, ಎರಡು ಮಾಡಿದರೆ ಶೇ. 10 ರಿಯಾಯಿತಿ ಇಟ್ಟಿತು. ಆಸ್ತಿ ತೆರಿಗೆ ಕಟ್ಟೋದು ಯಾರು? ಓನರ್. ನಿರ್ಧಾರ ಯಾರ ಕೈಲಿದೆಯೋ, ರಿಯಾಯಿತಿ ನೇರವಾಗಿ ಅವರ ಜೇಬಿಗೆ.

ಬೆಂಗಳೂರಿನಲ್ಲಿ ವರ್ಷದ ಆರಂಭದಲ್ಲೇ ಪೂರ್ತಿ ತೆರಿಗೆ ಕಟ್ಟಿದವರಿಗೆ ಶೇ. 5 ಕೊಡುತ್ತಾ ಬಂದಿದ್ದಾರೆ. ಬೇಗ ಕಟ್ಟಿದವರಿಗೆ ಕೊಡೋದು ಸರಿ. ಹಳೇ ಮನೆಯ ತಾರಸಿಗೆ ಹೀಟರ್ ಏರಿಸಿ, ಬಾಡಿಗೆದಾರನ ಬಚ್ಚಲಿಗೂ ಪೈಪ್ ಎಳೆದವರಿಗೂ ಅಷ್ಟು ಕೊಟ್ಟರೆ ಪಾಲಿಕೆ ಮುಳುಗಿಹೋಗಲ್ಲ.

ಮುಂದಿನ ನೀರು ತುಂಬುವ ಹಬ್ಬದ ದಿನ ನಿಮ್ಮ ಮನೆ ಬಿಸಿನೀರು ಎಲ್ಲಿಂದ ಬರ್ತಿದೆ ಅಂತ ಒಮ್ಮೆ ನೋಡಿಕೊಳ್ಳಿ. ತಾರಸಿಯಿಂದಲೋ, ರಾಯಚೂರಿನ ಬೂದಿಯಿಂದಲೋ?