ಡ್ರಾಫ್ಟ್ ವಯೋಮಿತಿ
ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ದುರ್ಬಲ ತಂಡಗಳಿಗೆ ಮೊದಲ ಸರದಿ ಸಿಗುವ ಸಂಭವವನ್ನು ಹೆಚ್ಚಿಸಿ ಪೈಪೋಟಿಯನ್ನು ಸಮತೋಲನದಲ್ಲಿಡುವುದು ಇದರ ಉದ್ದೇಶ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, 2005ರ ಒಪ್ಪಂದದಂತೆ, ಇದಕ್ಕೆ 19 ವರ್ಷದ ಕನಿಷ್ಠ ಮಿತಿಯನ್ನು ವಿಧಿಸಿದ್ದು, ಎಳೆಯ ಪ್ರತಿಭೆಯನ್ನು ಇನ್ನೊಂದು ವರ್ಷ ಒರೆಗೆ ಹಚ್ಚಿ ನೋಡಲು ತಂಡಗಳಿಗೆ ಅವಕಾಶವಾಯಿತು.

ಕರ್ನಾಟಕಕ್ಕೆ ಹತ್ತಿರದ ನಿದರ್ಶನ ಕ್ರಿಕೆಟ್ಟಿನದು. 2008ರಲ್ಲಿ ಐಪಿಎಲ್ ಹತ್ತೊಂಬತ್ತರೊಳಗಿನ ಆಟಗಾರರನ್ನು ಹರಾಜಿಗೆ ಬಿಡದೆ, ಸಂಭಾವನೆಯನ್ನು ಮೊದಲೇ ಗೊತ್ತುಪಡಿಸಿ ಪ್ರತ್ಯೇಕ ಡ್ರಾಫ್ಟ್ ನಡೆಸಿದ್ದರಿಂದ ಅಲ್ಲಿ ಹಣಬಲ ನಡೆಯಲಿಲ್ಲ. ಮೊದಲ ಸರದಿ ಪಡೆದ ದೆಹಲಿ ತಂಡ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಾಗ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ಆದರೂ ಒಬ್ಬ ಆಟಗಾರನ ಆಯ್ಕೆಯಿಂದಲೇ ತಂಡಗಳ ಬಲಾಬಲ ಬದಲಾಗದು: ಬೆಂಗಳೂರು ತನ್ನ ಮೊದಲ ಐಪಿಎಲ್ ಪ್ರಶಸ್ತಿಯನ್ನು ಗೆದ್ದದ್ದು 2025ರಲ್ಲಿ.