ತೂಕ ಯಾವ ವಯಸ್ಸಿನದು? ಡಿಮೆನ್ಷಿಯಾ ಅಪಾಯದ ಲೆಕ್ಕ ಮತ್ತು ರಾಯಚೂರು ಸೀಮೆ

ಮೈತೂಕ ಹೆಚ್ಚಿದ್ದವರಿಗೆ ಮುಪ್ಪಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಸಂಭವ ಹೆಚ್ಚೋ, ಕಡಿಮೆಯೋ? ದೊಡ್ಡ ಅಧ್ಯಯನಗಳೇ ಇಲ್ಲಿ ಒಂದಕ್ಕೊಂದು ಎದುರು ನಿಂತಿವೆ. ಬ್ರಿಟನ್ನಿನ ಸುಮಾರು 20 ಲಕ್ಷ ಜನರ ವೈದ್ಯಕೀಯ ದಾಖಲೆ ಪರಿಶೀಲಿಸಿದ ಕಿಜಿಲ್‌ಬಾಷ್ ತಂಡ 2015ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ದೇಹತೂಕ ಸೂಚ್ಯಂಕ (ಬಿಎಂಐ) 20ಕ್ಕಿಂತ ಕಡಿಮೆ ಇದ್ದವರಲ್ಲಿ ಅಪಾಯ ಶೇ. 34ರಷ್ಟು ಹೆಚ್ಚು, ತೂಕ ಏರಿದಂತೆ ಅಪಾಯ ಇಳಿಯಿತು. ಬೊಜ್ಜು ಮೆದುಳನ್ನು ಕಾಯುತ್ತದೆಂದು ನಂಬಲು ಇಷ್ಟು ಸಾಕಾಯಿತು.

ಗಂಟು ಬಿಡಿಸಿದ್ದು ಕಿವಿಮಾಕಿ ತಂಡದ 2018ರ ವಿಶ್ಲೇಷಣೆ. 39 ಅಧ್ಯಯನಗಳ 13 ಲಕ್ಷಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿದ ಅದು, ತೂಕವನ್ನು ಯಾವಾಗ ಅಳೆದರು ಎಂಬುದನ್ನು ಬೇರೆಬೇರೆಯಾಗಿ ನೋಡಿತು. ರೋಗ ಗುರುತಿಸುವುದಕ್ಕೆ 20 ವರ್ಷಕ್ಕೂ ಮೊದಲು ಅಳೆದಿದ್ದರೆ, ಸೂಚ್ಯಂಕದ ಪ್ರತಿ 5 ಅಂಕದ ಏರಿಕೆಗೆ ಅಪಾಯ ಶೇ. 16 ಹೆಚ್ಚು. ಹತ್ತು ವರ್ಷದೊಳಗೆ ಅಳೆದಿದ್ದರೆ ಶೇ. 29 ಕಡಿಮೆ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನವೂ ಇದನ್ನೇ ಹೇಳುತ್ತದೆ: 50ರ ವಯಸ್ಸಿನ ಬೊಜ್ಜು ಅಪಾಯಕಾರಿ, 60 ಮತ್ತು 70ರದ್ದು ಹಾಗಲ್ಲ, ರೋಗ ಪತ್ತೆಯಾಗುವುದಕ್ಕೆ ಸುಮಾರು 8 ವರ್ಷ ಮೊದಲೇ ತೂಕ ಇಳಿಯತೊಡಗುತ್ತದೆ. ಮುಪ್ಪಿನ ಸೊರಗು ಹಲವರಲ್ಲಿ ರೋಗದ ಕಾರಣವಲ್ಲ, ರೋಗದ ಮೊದಲ ಗುರುತು.

ಈ ತಿಳಿವನ್ನು ರಾಯಚೂರಿಗೆ ತಂದಾಗ ತೊಡಕು ಶುರುವಾಗುತ್ತದೆ. ಜಿಲ್ಲೆಯಲ್ಲಿ ಒಂದೇ ಬಗೆಯ ಬದುಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿಯ ಹೊಲಗಳು ಭತ್ತದ ಗದ್ದೆಯಾದವು, ಜೋಳದ ರೊಟ್ಟಿಯ ಜಾಗಕ್ಕೆ ಅನ್ನ ಬಂತು. ದೇವದುರ್ಗದಿಂದ ಇಂದಿಗೂ ಜನ ಗುಳೆ ಹೋಗುತ್ತಾರೆ. ನಲವತ್ತರ ಹರೆಯ ಬೆಂಗಳೂರು, ಹೈದರಾಬಾದಿನ ಕಟ್ಟಡಗಳಲ್ಲಿ ಕಳೆಯುತ್ತದೆ. ಅಕ್ಕಿ ಗಿರಣಿಗಳ ರಾಯಚೂರು ನಗರದಲ್ಲಿ ಗಲ್ಲೆಯ ಮೇಲೆ, ಕಚೇರಿಯಲ್ಲಿ ಕೂತು ದುಡಿಯುವವರ ಸಂಖ್ಯೆ ದೊಡ್ಡದು. ಇವರೆಲ್ಲರಿಗೂ ಬ್ರಿಟನ್ನಿನ ತಕ್ಕಡಿ ಹೊಂದದು. ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬ ಮಿತಿಯನ್ನು ನಮ್ಮ ತಜ್ಞರು 2009ರಲ್ಲೇ ಒಪ್ಪಿದ್ದಾರೆ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ದೇಹವನ್ನು ಸೂಚ್ಯಂಕ ಹಿಡಿಯುವುದೇ ಇಲ್ಲ. ಹೊಟ್ಟೆಯ ಕೊಬ್ಬಿನ ಜೊತೆಗೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಮೆದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಆದ್ದರಿಂದ ನಮ್ಮಲ್ಲಿ ತಕ್ಕಡಿಗಿಂತ ಸೊಂಟ ಅಳೆಯುವ ಟೇಪು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತುದಿಯಲ್ಲಿ, ಅಜ್ಜಿ ಸೊರಗಿದರೆ "ವಯಸ್ಸಾಗ್ಯಾದ, ಊಟ ಸೇರವಲ್ದು" ಎಂದು ಮನೆಯವರು ಸುಮ್ಮನಾಗುತ್ತಾರೆ. ಕ್ಷಯವೋ, ಸಕ್ಕರೆಯೋ, ಹಲ್ಲಿಲ್ಲದ ಬಾಯೋ, ಖಿನ್ನತೆಯೋ, ಉಂಡದ್ದನ್ನೂ ಉಣ್ಣದ್ದನ್ನೂ ಮರೆಯುವ ಮನಸ್ಸೋ ಎಂದು ಯಾರೂ ಕೇಳುವುದಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಹಳ್ಳಿಗರಲ್ಲಿ, ಹೆಂಗಸರಲ್ಲಿ, ಓದು ಬಾರದವರಲ್ಲಿ ಪ್ರಮಾಣ ಇನ್ನೂ ಹೆಚ್ಚು. 2011ರ ಜನಗಣತಿಯಲ್ಲಿ ರಾಯಚೂರಿನ ಸಾಕ್ಷರತೆ ಶೇ. 59.56 ಮಾತ್ರ ಇತ್ತು.

ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಸಮುದಾಯ ಆಧಾರಿತ ತಪಾಸಣಾ ನಮೂನೆಯಲ್ಲಿ 30 ದಾಟಿದವರ ಸೊಂಟದ ಸುತ್ತಳತೆ ಇದೆ. 60 ದಾಟಿದವರಿಗೆ, ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಎರಡೂ ಒಂದೇ ಕಾಗದದಲ್ಲಿದ್ದರೆ ಸಾಲದು, ಒಂದೇ ವ್ಯಕ್ತಿಯ ಐವತ್ತರ ಅಳತೆಯನ್ನು ಎಪ್ಪತ್ತರ ಮರೆವಿನ ಪಕ್ಕದಲ್ಲಿಟ್ಟು ನೋಡುವ ಏರ್ಪಾಡು ಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಗ್ರಾಮೀಣರನ್ನು ವರ್ಷಾನುವರ್ಷ ಹಿಂಬಾಲಿಸುವ ಗುರಿಯೊಂದಿಗೆ ಇಂಥ ಕೆಲಸ ಹಿಡಿದಿದೆ. ಆದರೆ ಅದು ರಾಗಿಯ ಸೀಮೆ. ದೇವದುರ್ಗದ ಗುಳೆಗೂ ಮಾನ್ವಿಯ ಭತ್ತಕ್ಕೂ ಅಲ್ಲಿನ ಉತ್ತರ ಪೂರ್ತಿ ಸಲ್ಲದು. ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸಮುದಾಯ ವೈದ್ಯಕೀಯ ವಿಭಾಗ ಈ ಎರಡು ತಾಲ್ಲೂಕುಗಳಲ್ಲಿ ನಲವತ್ತು ದಾಟಿದವರ ಸೊಂಟ, ತೂಕಗಳ ದಾಖಲೆಯನ್ನು ಈಗಲೇ ತೆರೆಯಬೇಕು. ಫಲ ಕಾಣಲು ಇಪ್ಪತ್ತು ವರ್ಷ ಬೇಕಾಗುತ್ತದೆ.