ಕೊಮಿತಾಸ್ ಉಳಿಸಿದ ಹಾಡು

ಆರ್ಮೇನಿಯಾದ ಚರ್ಚ್ ಸಂಗೀತ ಎಂದರೆ ಮೊದಲು ಬರುವ ಹೆಸರು ಕೊಮಿತಾಸ್. 1869ರಲ್ಲಿ ಈಗಿನ ಟರ್ಕಿಯ ಕುತಾಹ್ಯಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡವರು. 1881ರಲ್ಲಿ ಆರ್ಮೇನಿಯಾದ ಎಚ್ಮಿಯಾಡ್ಜಿನ್ ಮಠದ ಶಾಲೆಗೆ ಬಂದಾಗ ಹುಡುಗನಿಗೆ ಗೊತ್ತಿದ್ದ ಮಾತು ಟರ್ಕಿ ಭಾಷೆ. ಆರ್ಮೇನಿಯನ್ ಮಾತಾಡಲು ಬಾರದು, ಆದರೆ ಅದರ ಸ್ತೋತ್ರ ಹಾಡಲು ಬರುತ್ತಿತ್ತು! ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಕನ್ನಡ ಮಾತಾಡಲು ತಡವರಿಸಿದರೂ ರಾಜ್ಯೋತ್ಸವದಲ್ಲಿ ನಾಡಗೀತೆ ಹಾಡ್ತಾರಲ್ಲ, ಹಾಗೆ.

ಆರ್ಮೇನಿಯನ್ನರ ಹಳೇ ಕೈಬರಹದ ಸ್ತೋತ್ರ ಪುಸ್ತಕಗಳಲ್ಲಿ ಅಕ್ಷರಗಳ ಮೇಲೆ ‘ಖಾಜ್’ ಅನ್ನುವ ಸ್ವರದ ಗುರುತುಗಳಿವೆ. ಕಾಲಾಂತರದಲ್ಲಿ ಅವುಗಳ ಅರ್ಥವೇ ಮರೆತುಹೋಯಿತು. ನಮ್ಮ ಕೆಲಸದಲ್ಲಿ ಹೇಳೋದಾದರೆ, ವೈರಿಂಗ್ ಡ್ರಾಯಿಂಗ್ ಕೈಯಲ್ಲಿದೆ, ಯಾವ ಗುರುತು ಏನು ಅನ್ನೋ ಪಟ್ಟಿ ಮಾತ್ರ ಹರಿದುಹೋಗಿದೆ. ಕೊಮಿತಾಸ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಹಳ್ಳಿ ಹಳ್ಳಿ ತಿರುಗಿ ರೈತರ ಹಾಡುಗಳನ್ನೂ ಬರೆದುಕೊಂಡರು. ಚರ್ಚಿನ ರಾಗ, ಹೊಲದ ಹಾಡು ಎರಡಕ್ಕೂ ನಂಟಿದೆ ಅನ್ನೋದು ಅವರ ವಾದ.

1915ರ ಏಪ್ರಿಲ್ 24ರಂದು ಒಟ್ಟೋಮನ್ ಸರ್ಕಾರ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆರ್ಮೇನಿಯನ್ ಮುಖಂಡರನ್ನು ಹಿಡಿಯಿತು. ಅವರಲ್ಲಿ ಬಹಳ ಜನ ಮತ್ತೆ ಮನೆಗೆ ಬರಲೇ ಇಲ್ಲ. ಕೊಮಿತಾಸ್ ಜೀವಂತ ವಾಪಸ್ ಬಂದರು, ಆದರೆ ಮನಸ್ಸು ಕುಸಿದಿತ್ತು. ಕೊನೆಯ ವರ್ಷಗಳೆಲ್ಲ ಫ್ರಾನ್ಸಿನ ಆಸ್ಪತ್ರೆಯಲ್ಲೇ ಕಳೆದು 1935ರಲ್ಲಿ ತೀರಿಕೊಂಡರು. ಕಾಗದಗಳು ಚೆಲ್ಲಾಪಿಲ್ಲಿ. ಖಾಜ್ ಬಗ್ಗೆ ಬರೆದದ್ದರಲ್ಲಿ ಬಹಳಷ್ಟು ಕಳೆದೇ ಹೋಯಿತು.

ಆದರೂ 1933ರಲ್ಲಿ, ಗುರುಗಳು ಆಸ್ಪತ್ರೆಯಲ್ಲಿರುವಾಗಲೇ, ಶಿಷ್ಯ ವರ್ದಾನ್ ಸರ್ಗ್‌ಸ್ಯಾನ್ ಅವರ ‘ಪತರಾಗ್’ ಅನ್ನು ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದರು. ಗಂಡಸರ ಮೇಳಕ್ಕೆಂದು ಬರೆದ ಪೂಜೆಯ ಹಾಡುಗಳವು. ಊರು ಬಿಟ್ಟವರ ಊರಲ್ಲಿ ಅಚ್ಚಾದ ಆ ಪುಸ್ತಕದಿಂದ ಇವತ್ತಿಗೂ ಹಾಡುತ್ತಾರೆ.